ಗಾಡಿ ಯಾವ ಆಸ್ಪತ್ರೆಗೆ ತಿರುಗಬೇಕು? ತುರ್ತು ಸೇವೆಯ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ಪ್ಯಾರಾಮೆಡಿಕ್. ರೋಗಿ ಬಿದ್ದ ಜಾಗದಿಂದ ಆಸ್ಪತ್ರೆಯ ಬಾಗಿಲ ತನಕ ಇರುವ ದಾರಿಯೇ ನನ್ನ ಕೆಲಸದ ಜಾಗ. ಆಂಬುಲೆನ್ಸ್‌ಗಳಿಗೆ ಅಂಗೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಯಂತ್ರ ಕೊಡಬೇಕೋ ಬೇಡವೋ ಎಂಬ ಚರ್ಚೆ ನಮ್ಮ ಕೆಲಸದವರ ನಡುವೆ ತುಂಬಾ ದಿನದಿಂದ ಇದೆ. ಬೆಲೆ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಚಿತ್ರ ಎಷ್ಟು ಚೆನ್ನಾಗಿದೆ ಎಂದೆಲ್ಲ ಮಾತಾಡುತ್ತೇವೆ. ಸ್ಕ್ಯಾನಿನಲ್ಲಿ ಏನಾದರೂ ಕಂಡರೆ ಗಾಡಿ ಯಾವ ಕಡೆ ಹೋಗಬೇಕು ಎಂಬ ಮಾತು ಮಾತ್ರ ಬರುವುದೇ ಇಲ್ಲ. ಅದನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಬೈಕಿನಿಂದ ಬಿದ್ದ ಹುಡುಗ. ಹ್ಯಾಂಡಲ್ ಹೊಟ್ಟೆಯ ಎಡಭಾಗಕ್ಕೆ ಬಡಿದಿತ್ತು. ಮೈಮೇಲೆ ತರಚು ಗಾಯ ಬಿಟ್ಟರೆ ಬೇರೇನೂ ಇರಲಿಲ್ಲ. ಚೆನ್ನಾಗಿಯೇ ಮಾತಾಡುತ್ತಿದ್ದ. ತನ್ನ ಫೋನ್ ಎಲ್ಲಿ ಬಿತ್ತು ಎಂದು ಎರಡು ಸಲ ಕೇಳಿದ. ಬಿಪಿ ಸರಿಯಾಗಿತ್ತು. ನಾಡಿ ಸ್ವಲ್ಪ ಜಾಸ್ತಿ. ಗಾಬರಿಗೆ ಯಾರ ನಾಡಿಯಾದರೂ ಅಷ್ಟು ಓಡುತ್ತದೆ ಎಂದುಕೊಂಡೆ. ಹೊಟ್ಟೆ ಮುಟ್ಟಿ ನೋಡಿದಾಗ ನೋವು ಎಂದ, ಆದರೆ ಹೊಟ್ಟೆ ಮೆತ್ತಗೇ ಇತ್ತು.

ನಮಗಿದ್ದ ನಿಯಮ ಸರಳ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋದೆವು. ಹತ್ತು ನಿಮಿಷವೂ ಆಗಲಿಲ್ಲ. ಅಲ್ಲಿದ್ದ ಡ್ಯೂಟಿ ಡಾಕ್ಟರ್ ಒಳ್ಳೆಯವರು, ಕೂಡಲೇ ನೋಡಿದರು. ಆದರೆ ರಾತ್ರಿ ಅಲ್ಲಿ ಸರ್ಜನ್ ಇರುವುದಿಲ್ಲ, ರಕ್ತವೂ ಸಿಗುವುದಿಲ್ಲ. ಮುಕ್ಕಾಲು ಗಂಟೆಯ ನಂತರ ಹುಡುಗನ ಬಿಪಿ ಒಮ್ಮೆಲೇ ಕುಸಿಯಿತು. ಮತ್ತೊಂದು ಗಾಡಿ ಕರೆಸಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗುಲ್ಮ, ಅಂದರೆ ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಕೆಳಗಿರುವ ಸ್ಪ್ಲೀನ್, ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿತ್ತು. ಅವನು ಆಪರೇಷನ್ ಟೇಬಲ್ ತನಕ ಹೋಗಲೇ ಇಲ್ಲ.

ಅಂದು ಯಾರೂ ತಪ್ಪು ಮಾಡಲಿಲ್ಲ. ನಾನು ನಿಯಮ ಪಾಲಿಸಿದೆ. ಡಾಕ್ಟರ್ ತಮ್ಮ ಕೈಲಾದದ್ದನ್ನು ಮಾಡಿದರು. ಅದೇ ನನ್ನನ್ನು ಇಂದಿಗೂ ಕಾಡುತ್ತದೆ. ದೊಡ್ಡ ಆಸ್ಪತ್ರೆ ಆ ಜಾಗದಿಂದ ಅರ್ಧ ಗಂಟೆಯ ದಾರಿ, ಅಷ್ಟೇ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಎಂದು ರಸ್ತೆ ಬದಿಯಲ್ಲೇ ಗೊತ್ತಾಗಿದ್ದರೆ ನಾವು ನೇರವಾಗಿ ಅಲ್ಲಿಗೇ ಹೋಗಬಹುದಿತ್ತು. ಗೊತ್ತಾಗಿದ್ದರೂ ನಿಯಮ ಬಿಡುತ್ತಿರಲಿಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ಬಿಪಿಯನ್ನು ನಂಬಿ ಕೂರುವುದು ಯಾಕೆ ಅಪಾಯ ಎಂದು ಹೇಳಬೇಕು. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅದರಲ್ಲಿ ಶೇ. 30ರಷ್ಟು, ಅಂದರೆ ಒಂದೂವರೆ ಲೀಟರ್ ಹೋಗುವ ತನಕ ಬಿಪಿ ಇಳಿಯದೆಯೂ ಇರಬಹುದು. ಗಟ್ಟಿಮುಟ್ಟಾದ ಹರೆಯದವರಲ್ಲಿ ಇದು ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ರಕ್ತನಾಳಗಳು ಬಿಗಿಯುತ್ತವೆ, ಹೃದಯ ಜೋರಾಗಿ ಓಡುತ್ತದೆ, ಮಾನಿಟರಿನಲ್ಲಿ ಎಲ್ಲ ಸರಿ ಇದೆ ಎಂಬಂತೆ ಕಾಣುತ್ತದೆ. ಆಮೇಲೆ ಒಂದೇ ಸಲ ಎಲ್ಲ ಕೈ ಬಿಟ್ಟುಹೋಗುತ್ತದೆ. ಬಿಪಿ ಬೀಳುವುದನ್ನು ಕಾದು ನೋಡಿದರೆ ನಾವು ತಡವಾಗಿಯೇ ತಿಳಿದುಕೊಳ್ಳುತ್ತೇವೆ.

ಅಲ್ಟ್ರಾಸೌಂಡ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಾಯಾಳುಗಳಿಗೆ ಮಾಡುವ ಈ ಚಿಕ್ಕ ಸ್ಕ್ಯಾನಿಗೆ ಫಾಸ್ಟ್ ಎನ್ನುತ್ತಾರೆ. 1990ರ ದಶಕದಿಂದ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಇದು ದಿನನಿತ್ಯದ ಕೆಲಸ. ಇದರಲ್ಲಿ ಇಡೀ ಹೊಟ್ಟೆಯನ್ನು ಹುಡುಕುವುದಿಲ್ಲ. ನಾಲ್ಕು ಜಾಗ ನೋಡುತ್ತೇವೆ. ಬಲಗಡೆ ಲಿವರ್ ಮತ್ತು ಕಿಡ್ನಿ ನಡುವೆ, ಎಡಗಡೆ ಗುಲ್ಮ ಮತ್ತು ಕಿಡ್ನಿ ನಡುವೆ, ಕೆಳಗೆ ಮೂತ್ರಚೀಲದ ಹಿಂದೆ, ಮೇಲೆ ಹೃದಯದ ಸುತ್ತ. ಮಲಗಿರುವ ಮನುಷ್ಯನ ಹೊಟ್ಟೆಯಲ್ಲಿ ಸೋರಿದ ರಕ್ತ ತಗ್ಗಾದ ಜಾಗ ಹುಡುಕಿಕೊಂಡು ನಿಲ್ಲುತ್ತದೆ, ಮಳೆನೀರು ಗುಂಡಿಯಲ್ಲಿ ನಿಂತ ಹಾಗೆ. ನಿಂತ ರಕ್ತ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಲಿವರ್ ಮತ್ತು ಕಿಡ್ನಿ ನಡುವೆ ಒಂದು ಕಪ್ಪು ಪಟ್ಟಿ. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ.

ಎದೆಯ ವಿಷಯ ಹೇಳಿದರೆ ನನಗೆ ಇನ್ನೂ ಉತ್ಸಾಹ ಬರುತ್ತದೆ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ಸೇರಿಕೊಂಡರೆ ಶ್ವಾಸಕೋಶ ಕುಗ್ಗುತ್ತದೆ. ಒತ್ತಡ ಹೆಚ್ಚುತ್ತಾ ಹೋದರೆ ಹೃದಯಕ್ಕೆ ರಕ್ತ ಮರಳುವುದೇ ನಿಂತು, ನಿಮಿಷಗಳಲ್ಲಿ ಜೀವ ಹೋಗಬಹುದು. ನಮಗೆ ಕಲಿಸಿದ್ದು ಸ್ಟೆತಾಸ್ಕೋಪ್ ಇಟ್ಟು ಎರಡೂ ಕಡೆಯ ಉಸಿರಿನ ಸದ್ದು ಕೇಳಿ ಎಂದು. ಸೈರನ್ ಕೂಗುತ್ತಿರುವ, ಎಂಜಿನ್ ಗುಡುಗುತ್ತಿರುವ ಗಾಡಿಯಲ್ಲಿ ಒಮ್ಮೆ ಕೇಳಿ ನೋಡಿ. ಕೇಳಿಸುವುದು ಗಾಡಿಯ ಸದ್ದು ಮಾತ್ರ. ಅಲ್ಟ್ರಾಸೌಂಡಿಗೆ ಸದ್ದಿನ ಗೊಡವೆ ಇಲ್ಲ. ಎರಡು ಪಕ್ಕೆಲುಬುಗಳ ನಡುವೆ ಪ್ರೋಬ್, ಅಂದರೆ ಯಂತ್ರದಲ್ಲಿ ಮೈಗೆ ಒತ್ತಿ ಹಿಡಿಯುವ ಭಾಗ, ಇಟ್ಟರೆ ಒಂದು ಬೆಳ್ಳನೆಯ ಗೆರೆ ಕಾಣುತ್ತದೆ. ಉಸಿರಾಡುವಾಗ ಆ ಗೆರೆ ಅತ್ತಿತ್ತ ಜಾರುತ್ತದೆ. ಜಾರುತ್ತಿದ್ದರೆ ಆ ಜಾಗದಲ್ಲಿ ಶ್ವಾಸಕೋಶ ಗೋಡೆಗೆ ತಾಗಿಕೊಂಡೇ ಇದೆ ಎಂದರ್ಥ. ಫ್ರಾನ್ಸಿನ ಡೇನಿಯಲ್ ಲಿಕ್ಟೆನ್‌ಸ್ಟೈನ್ ಎಂಬ ತೀವ್ರ ನಿಗಾ ವೈದ್ಯರು 1995ರಲ್ಲಿ ಈ ಗುರುತಿನ ಬಗ್ಗೆ ಬರೆದರು. ಅದಕ್ಕೂ ಮುಂಚೆ, ಗಾಳಿ ತುಂಬಿದ ಶ್ವಾಸಕೋಶವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ ಏನು ಪ್ರಯೋಜನ ಎಂದೇ ಬಹಳ ಜನ ನಂಬಿದ್ದರು.

ಮಲಗಿರುವ ಗಾಯಾಳುವಿಗೆ ಎಕ್ಸ್‌ರೇ ತೆಗೆಯುವುದಕ್ಕಿಂತ ಇದು ವಾಸಿ ಎಂದು ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಹೇಳುತ್ತದೆ. ಎದೆಯಲ್ಲಿ ಗಾಳಿ ಸೇರಿದ್ದ ನೂರು ಜನರಲ್ಲಿ ಅಲ್ಟ್ರಾಸೌಂಡ್ ಸುಮಾರು 91 ಜನರನ್ನು ಹಿಡಿಯಿತು. ಎಕ್ಸ್‌ರೇ ಹಿಡಿದದ್ದು ಸುಮಾರು 47 ಜನರನ್ನು. ಅದರಲ್ಲಿ ಸ್ಕ್ಯಾನ್ ಮಾಡಿದವರು ರೇಡಿಯಾಲಜಿ ತಜ್ಞರಲ್ಲ, ರೋಗಿಯನ್ನು ಮೊದಲು ನೋಡುವ ವೈದ್ಯರು. ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೋಗಿ ಕಣ್ಣೆದುರೇ ಮುಳುಗುತ್ತಿದ್ದರೆ, ಎದೆಯಲ್ಲಿ ಗಾಳಿಯ ಒತ್ತಡ ಇದೆ ಎಂಬುದಕ್ಕೆ ಬೇರೆ ಎಲ್ಲ ಲಕ್ಷಣ ಇದ್ದರೆ, ಪ್ರೋಬ್ ಹುಡುಕುತ್ತಾ ಕೂರಬಾರದು. ಗಾಳಿ ಹೊರಬಿಡಲು ಕೂಡಲೇ ಸೂಜಿ ಹಾಕಬೇಕು. ಯಂತ್ರ ಬೇಕಾಗುವುದು ಅನುಮಾನ ಇರುವಾಗ. ಬೇಡದವರ ಎದೆಗೆ ಸೂಜಿ ಚುಚ್ಚುವುದನ್ನು ತಪ್ಪಿಸುವುದೂ ಅದರ ಕೆಲಸವೇ.

ಏದುಸಿರು ಬಿಡುವ ವಯಸ್ಸಾದವರ ಬಗ್ಗೆ ಎರಡು ಮಾತು. ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಸಿಗದವರೂ ಇರುತ್ತಾರೆ, ಹಳೆಯ ಶ್ವಾಸನಾಳದ ಕಾಯಿಲೆಯಿಂದ ಉಸಿರು ಸಿಗದವರೂ ಇರುತ್ತಾರೆ. ಇಬ್ಬರೂ ಒಂದೇ ಥರ ಕಾಣುತ್ತಾರೆ, ಇಬ್ಬರ ಎದೆಯಲ್ಲೂ ಸುಂಯ್ ಎಂಬ ಸದ್ದು ಬರಬಹುದು. ಔಷಧ ಮಾತ್ರ ಬೇರೆ ಬೇರೆ. ನೀರು ತುಂಬಿದ ಶ್ವಾಸಕೋಶದಲ್ಲಿ ಪರದೆಯ ಮೇಲಿನಿಂದ ಕೆಳಗಿನ ತನಕ ಬೆಳಕಿನ ಕೋಲುಗಳಂಥ ಗೆರೆಗಳು ಕಾಣುತ್ತವೆ, ಬಿ ಲೈನ್ ಎನ್ನುತ್ತೇವೆ. ಎದೆಯ ಎರಡೂ ಕಡೆ, ಒಂದಕ್ಕಿಂತ ಹೆಚ್ಚು ಜಾಗದಲ್ಲಿ, ಒಂದೊಂದು ಸಂದಿಯಲ್ಲೂ ಮೂರು ಅಥವಾ ಹೆಚ್ಚು ಗೆರೆ ಕಂಡರೆ ನೀರಿನ ಕಡೆಗೇ ಯೋಚನೆ ಹೋಗುತ್ತದೆ. ಮನೆಯಿಂದ ಹೊರಡುವ ಮೊದಲೇ ಸರಿಯಾದ ಔಷಧ ಶುರು ಮಾಡಬಹುದು.

ಹೃದಯ ನಿಂತವರ ವಿಷಯ ಇದಕ್ಕಿಂತ ಕಷ್ಟ. ಕೆಲವು ಸಲ ಮಾನಿಟರಿನಲ್ಲಿ ಇಸಿಜಿ ಗೆರೆ ಓಡುತ್ತಿರುತ್ತದೆ, ಕೈಗೆ ನಾಡಿ ಮಾತ್ರ ಸಿಗುವುದಿಲ್ಲ. ಹೃದಯ ನಿಜವಾಗಿ ನಿಂತಿದೆಯೋ, ನಮ್ಮ ಬೆರಳಿಗೆ ತಿಳಿಯದಷ್ಟು ಮೆಲ್ಲಗೆ ಬಡಿಯುತ್ತಿದೆಯೋ? ಬೆರಳು ಇದಕ್ಕೆ ಉತ್ತರ ಕೊಡಲಾರದು. 2016ರಲ್ಲಿ ಪ್ರಕಟವಾದ ರೀಸನ್ ಎಂಬ ಅಧ್ಯಯನದಲ್ಲಿ ಇಂಥವರೂ ಇಸಿಜಿ ಗೆರೆ ಚಪ್ಪಟೆಯಾಗಿದ್ದವರೂ ಸೇರಿ 793 ರೋಗಿಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರು. ಹೃದಯದಲ್ಲಿ ಚಲನೆ ಕಂಡವರಲ್ಲಿ ಶೇ. 3.8ರಷ್ಟು ಜನ ಬದುಕಿ ಮನೆಗೆ ಹೋದರು. ಚಲನೆ ಕಾಣದವರಲ್ಲಿ ಶೇ. 0.6. ಎರಡೂ ಚಿಕ್ಕ ಸಂಖ್ಯೆಗಳೇ, ನೋಡಿದರೆ ಸಂಕಟವಾಗುತ್ತದೆ. ಆದರೆ ಅದೇ ಅಧ್ಯಯನದಲ್ಲಿ ಕೆಲವರ ಹೃದಯದ ಸುತ್ತ ನೀರೋ ರಕ್ತವೋ ತುಂಬಿ ಹೃದಯವನ್ನು ಅದುಮಿ ಹಿಡಿದಿತ್ತು. ಅದನ್ನು ಸೂಜಿಯಿಂದ ತೆಗೆದವರಲ್ಲಿ ಶೇ. 15ರಷ್ಟು ಜನ ಬದುಕಿದರು. ಕಾರಣ ಕಂಡರೆ ಮಾಡಲು ಏನಾದರೂ ಇರುತ್ತದೆ, ಅಲ್ವಾ?

ಹಾಗೆಂದು ಪ್ರೋಬ್ ಹಿಡಿದುಕೊಂಡು ಎದೆ ಒತ್ತುವುದನ್ನು ನಿಲ್ಲಿಸಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಆಗುತ್ತದೆ. ನಾಡಿ ನೋಡಲು ನಿಲ್ಲಿಸುವ ಸಮಯ 10 ಸೆಕೆಂಡ್ ದಾಟಬಾರದು. 2017ರ ಒಂದು ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ಇಲ್ಲದಾಗ ಸರಾಸರಿ 13 ಸೆಕೆಂಡ್ ನಿಲ್ಲಿಸಿದ್ದರು, ಅಲ್ಟ್ರಾಸೌಂಡ್ ಇದ್ದಾಗ 21 ಸೆಕೆಂಡ್. ಅದೂ ಆಸ್ಪತ್ರೆಯ ಒಳಗೆ, ಡಾಕ್ಟರುಗಳ ಕೈಯಲ್ಲಿ. ಆ ಎಂಟು ಸೆಕೆಂಡ್ ಮಿದುಳಿಗೆ ರಕ್ತ ಹೋಗುವುದಿಲ್ಲ. ಇದಕ್ಕೆ ದಾರಿ ಇದೆ. ಎದೆ ಒತ್ತುತ್ತಿರುವಾಗಲೇ ಪ್ರೋಬನ್ನು ಜಾಗದಲ್ಲಿ ಇಟ್ಟುಕೊಳ್ಳಬೇಕು. ಒಬ್ಬರು ಗಟ್ಟಿಯಾಗಿ ಸೆಕೆಂಡ್ ಎಣಿಸಬೇಕು. ನಿಲ್ಲಿಸಿದಾಗ ಸುಮ್ನೆ ವಿಡಿಯೊ ಹಿಡಿದುಕೊಂಡು, ಮತ್ತೆ ಒತ್ತಲು ಶುರು ಮಾಡಿದ ಮೇಲೆ ಅದನ್ನು ನೋಡಬೇಕು. ಈ ಅಭ್ಯಾಸ ಕೈಗೆ ಕೂರದವರಿಗೆ ಹೃದಯ ನಿಂತ ರೋಗಿಯ ಮೇಲೆ ಪ್ರೋಬ್ ಇಡಲು ಬಿಡಬೇಡಿ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಪ್ಯಾರಾಮೆಡಿಕ್‌ಗಳಿಂದ ಇದೆಲ್ಲ ಆಗುತ್ತದೆಯೇ ಎಂಬ ಅನುಮಾನ ನಿಮ್ಮಲ್ಲಿ ಇದ್ದರೆ ಅದು ನ್ಯಾಯವೇ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕೇಳಿತು. 6 ಗಂಟೆಯ ತರಬೇತಿ ಪಡೆದ ಪ್ಯಾರಾಮೆಡಿಕ್‌ಗಳು 104 ರೋಗಿಗಳಿಗೆ ಸ್ಕ್ಯಾನ್ ಮಾಡಿದರು. ಆ ಚಿತ್ರಗಳನ್ನು ಆಮೇಲೆ ವೈದ್ಯರು ನೋಡಿದರು. ಸುಮಾರು ಶೇ. 8ರಷ್ಟು ಚಿತ್ರಗಳು ಓದಲು ಬರುವಂತೆ ಇರಲಿಲ್ಲ. ಓದಲು ಬಂದವುಗಳಲ್ಲಿ ಪ್ಯಾರಾಮೆಡಿಕ್ ಹೇಳಿದ್ದಕ್ಕೂ ವೈದ್ಯರು ಹೇಳಿದ್ದಕ್ಕೂ ವ್ಯತ್ಯಾಸ ಬರಲಿಲ್ಲ. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅಲ್ಟ್ರಾಸೌಂಡ್ ಓದುವ ತಜ್ಞರಲ್ಲದ ಗಗನಯಾತ್ರಿಗಳು ಇದೇ ಫಾಸ್ಟ್ ಸ್ಕ್ಯಾನ್ ಮಾಡಿದ್ದಾರೆ. ಭೂಮಿಯಲ್ಲಿ ಕುಳಿತ ತಜ್ಞರು ಚಿತ್ರ ನೋಡುತ್ತಾ, ಪ್ರೋಬನ್ನು ಇತ್ತ ತಿರುಗಿಸಿ, ಅತ್ತ ಒರಗಿಸಿ ಎಂದು ಹೇಳಿಕೊಟ್ಟರು. 2005ರಲ್ಲಿ ಅದರ ವರದಿ ಬಂತು. ಅಷ್ಟು ದೂರಕ್ಕೆ ಹೇಳಿಕೊಡಬಹುದಾದರೆ ನಮ್ಮ ಗಾಡಿಗೂ ಹೇಳಿಕೊಡಬಹುದು.

ಯಂತ್ರ ಚಿಕ್ಕದಾದ ಕಥೆಯೂ ನಮ್ಮಂಥವರ ಅಗತ್ಯದಿಂದಲೇ ಶುರುವಾದದ್ದು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಅವರ ಸಂಗಡಿಗರು ಹೊಟ್ಟೆಯ ಗಡ್ಡೆಗಳ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದಾಗ ಯಂತ್ರ ಕೋಣೆಯೊಳಗೇ ಇರಬೇಕಿತ್ತು. 1990ರ ದಶಕದಲ್ಲಿ ಯುದ್ಧಭೂಮಿಗೆ ಹೊತ್ತುಕೊಂಡು ಹೋಗುವಂಥ ಯಂತ್ರ ಬೇಕೆಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ದಾರ್ಪಾ ಹಣ ಕೊಟ್ಟಿತು. ಅದರಿಂದ 1999ರ ಹೊತ್ತಿಗೆ ಕೈಯಲ್ಲಿ ಎತ್ತಿಕೊಂಡು ಓಡಾಡಬಹುದಾದ ಯಂತ್ರ ಮಾರುಕಟ್ಟೆಗೆ ಬಂತು. ಈಗ ಫೋನಿಗೆ ಸಿಕ್ಕಿಸುವ ಪ್ರೋಬ್ ಇದೆ, ಜೇಬಿನಲ್ಲಿ ಹಿಡಿಸುತ್ತದೆ.

ಕಲಿಯುವುದು ಮಾತ್ರ ಚಿಕ್ಕದಾಗಿಲ್ಲ. ಮೊದಲ ಕೆಲವು ವಾರ ನನಗೆ ಪರದೆಯಲ್ಲಿ ಬರೀ ಮೋಡ ಕಾಣುತ್ತಿತ್ತು. ಪಕ್ಕೆಲುಬಿನ ನೆರಳನ್ನೇ ರಕ್ತ ಎಂದುಕೊಂಡಿದ್ದೆ. ಪಿತ್ತಕೋಶವನ್ನು ನೋಡಿ ಗಾಬರಿಯಾಗಿದ್ದೆ, ಅದೂ ಕಪ್ಪಗೇ ಕಾಣುತ್ತದೆ. ಆಮೇಲೆ ನಿಧಾನವಾಗಿ ಕೈ ಪಳಗಿತು. ಹೊರಗಿನ ಕೆಲಸದಲ್ಲಿ ಬೇರೆಯೇ ತೊಂದರೆಗಳು. ಬಿಸಿಲಿಗೆ ಪರದೆ ಕಾಣುವುದಿಲ್ಲ. ರಕ್ತ, ಮಣ್ಣು, ಬೆವರು ಇರುವ ಮೈಮೇಲೆ ಪ್ರೋಬ್ ಜಾರುತ್ತದೆ. ರಸ್ತೆಯ ಹಳ್ಳಕ್ಕೆ ಗಾಡಿ ಕುಪ್ಪಳಿಸಿದರೆ ಚಿತ್ರವೂ ಹಾರಿಹೋಗುತ್ತದೆ. ತುಂಬಾ ದಪ್ಪ ಮೈಯವರಲ್ಲಿ, ಚರ್ಮದ ಕೆಳಗೆ ಗಾಳಿ ಸೇರಿದವರಲ್ಲಿ ಎಷ್ಟು ಪ್ರಯತ್ನಿಸಿದರೂ ಚಿತ್ರ ಬರುವುದಿಲ್ಲ. ಆಗ ‘ನನಗೆ ಕಾಣುತ್ತಿಲ್ಲ’ ಎಂದು ಬರೆಯುವ ಧೈರ್ಯ ಬೇಕು. ನಮ್ಮ ವರದಿಯ ಹಾಳೆಯಲ್ಲಿ ‘ಇದೆ’, ‘ಇಲ್ಲ’ ಎಂಬ ಎರಡೇ ಖಾನೆ ಇದ್ದರೆ ಜನ ಊಹೆ ಮಾಡಿ ಟಿಕ್ ಹಾಕುತ್ತಾರೆ. ದಯವಿಟ್ಟು ಮೂರನೆಯ ಖಾನೆ ಇಡಿ.

ಅಮೆರಿಕದ ತುರ್ತು ವೈದ್ಯರ ಕಾಲೇಜು ತನ್ನ ವೈದ್ಯರಿಗೆ ಒಂದೊಂದು ಬಗೆಯ ಸ್ಕ್ಯಾನಿಗೂ 25ರಿಂದ 50 ಸ್ಕ್ಯಾನ್ ಮಾಡಿ, ತಿಳಿದವರಿಂದ ತಿದ್ದಿಸಿಕೊಳ್ಳಿ ಎನ್ನುತ್ತದೆ. ಒಂದು ದಿನದ ತರಗತಿ ಮಾಡಿ, ಸರ್ಟಿಫಿಕೇಟ್ ಕೊಟ್ಟು, ಯಂತ್ರ ಕೈಗಿಟ್ಟು ಕಳಿಸುವ ಯೋಜನೆ ನಿಮ್ಮಲ್ಲಿದ್ದರೆ ಅದು ಬೇಡ. ಒಬ್ಬ ವೈದ್ಯರು ನಮ್ಮ ಎಲ್ಲ ಚಿತ್ರಗಳನ್ನೂ ಕೆಲವು ದಿನಗಳೊಳಗೆ ನೋಡಿ ಹೀಗೆ ತಪ್ಪಿದ್ದೀರಿ ಎಂದು ಹೇಳಬೇಕು. ರೋಗಿಗೆ ಆಮೇಲೆ ಸಿಟಿ ಸ್ಕ್ಯಾನಿನಲ್ಲಿ ಏನು ಕಂಡಿತು, ಆಪರೇಷನ್ನಿನಲ್ಲಿ ಏನು ಸಿಕ್ಕಿತು ಎಂಬುದು ನಮಗೆ ತಿರುಗಿ ಬರಬೇಕು. ಇಂದು ಅದು ಬರುವುದಿಲ್ಲ. ರೋಗಿಯನ್ನು ಬಾಗಿಲಲ್ಲಿ ಒಪ್ಪಿಸಿದ ಮೇಲೆ ಅವರಿಗೆ ಏನಾಯಿತು ಎಂದು ನಮಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ತಪ್ಪು ಗೊತ್ತಾಗದ ಕೈ ಕಲಿಯುವುದಾದರೂ ಹೇಗೆ?

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಜರ್ಮನಿಯಲ್ಲಿ 202 ಗಾಯಾಳುಗಳಿಗೆ ಅಪಘಾತದ ಸ್ಥಳದಲ್ಲೇ ಈ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಒಂದು ಸ್ಕ್ಯಾನಿಗೆ ಸರಾಸರಿ ಎರಡೂವರೆ ನಿಮಿಷದೊಳಗೆ ಸಾಕಾಯಿತು. ಆಸ್ಪತ್ರೆಯಲ್ಲಿ ಆಗುವ ಸ್ಕ್ಯಾನಿಗಿಂತ ಸುಮಾರು 35 ನಿಮಿಷ ಮುಂಚೆ ಉತ್ತರ ಸಿಕ್ಕಿತು. ಈ ಸಂಖ್ಯೆಗಳನ್ನು ಯಂತ್ರ ಮಾರುವವರೂ ಹೇಳುತ್ತಾರೆ. ನಾನು ಹಿಡಿದುಕೊಂಡಿರುವ ಸಂಖ್ಯೆ ಬೇರೆ. ಶೇ. 22ರಷ್ಟು ರೋಗಿಗಳಲ್ಲಿ ಕರೆದೊಯ್ಯುವ ಆಸ್ಪತ್ರೆಯೇ ಬದಲಾಯಿತು. ಐವರಲ್ಲಿ ಒಬ್ಬರಿಗಿಂತ ಜಾಸ್ತಿ. ಜರ್ಮನಿಯ ತುರ್ತು ಸೇವೆಯಲ್ಲಿ ಗಾಯಾಳುವಿನ ಹತ್ತಿರ ವೈದ್ಯರೇ ಬರುತ್ತಾರೆ, ಅಲ್ಲೇ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಅವರಿಗಿದೆ. ಕಂಡದ್ದಕ್ಕೂ ಗಾಡಿ ತಿರುಗಿದ್ದಕ್ಕೂ ನಡುವೆ ಅಡ್ಡ ಬರುವ ನಿಯಮ ಇರಲಿಲ್ಲ.

ನಮ್ಮಂಥ ಪ್ಯಾರಾಮೆಡಿಕ್‌ಗಳ ಗಾಡಿಯಲ್ಲಿ ಆ ಅಧಿಕಾರ ಇರುವುದಿಲ್ಲ. ಹೊಟ್ಟೆಯಲ್ಲಿ ರಕ್ತ ಕಂಡರೂ ‘ಹತ್ತಿರದ ಆಸ್ಪತ್ರೆ’ ಎಂದು ಬರೆದಿದ್ದರೆ ಹತ್ತಿರದ ಆಸ್ಪತ್ರೆಗೇ ಹೋಗಬೇಕು. ಹಾಗಾದರೆ ಕಂಡು ಏನು ಮಾಡಿದ ಹಾಗಾಯಿತು? ಹೊಟ್ಟೆಯೊಳಗಿನ ಸೋರಿಕೆಯನ್ನು ನಾವು ಗಾಡಿಯಲ್ಲಿ ನಿಲ್ಲಿಸಲಾರೆವು. ಅದಕ್ಕೆ ಬೇಕಾದದ್ದು ಸರ್ಜನ್, ಅರಿವಳಿಕೆ ಕೊಡುವವರು, ರಕ್ತ. ಇವು ಇರುವ ಕಡೆಗೆ ಬೇಗ ತಲುಪಿಸುವುದೊಂದೇ ನಮ್ಮ ಕೈಯಲ್ಲಿ ಇರುವ ಚಿಕಿತ್ಸೆ. ಗರ್ಭನಾಳದಲ್ಲಿ ಗರ್ಭ ಕಟ್ಟಿ ಒಡೆದ ಹೆಣ್ಣುಮಗಳಿಗೂ ಅದೇ ಬೇಕು. ಹೊಟ್ಟೆಯ ಮಹಾಪಧಮನಿ ಉಬ್ಬಿ ಸೋರುತ್ತಿರುವ ಅಜ್ಜನಿಗೂ ಅದೇ ಬೇಕು. ಆ ಅಜ್ಜನ ಸೊಂಟನೋವನ್ನು ಕಿಡ್ನಿ ಕಲ್ಲು ಎಂದುಕೊಂಡು ಕಾಯಿಸುವುದು ಹಳೆಯ ತಪ್ಪು. ಆ ರಕ್ತನಾಳದ ಅಗಲ 3 ಸೆಂಟಿಮೀಟರ್ ದಾಟಿದರೆ ಅದು ಉಬ್ಬು ಎಂದು ಲೆಕ್ಕ, ಅದನ್ನು ಪ್ರೋಬಿನಲ್ಲಿ ಅಳೆಯಬಹುದು. ಅಳೆದು ಏನು ಮಾಡುವುದು, ರಕ್ತನಾಳದ ಆಪರೇಷನ್ ಮಾಡುವವರೇ ಇಲ್ಲದ ಕಡೆಗೆ ಕರೆದೊಯ್ಯುವುದಾದರೆ?

ಅದಕ್ಕೇ ಕೇಳುತ್ತಿದ್ದೇನೆ. ಯಂತ್ರ ಕೊಳ್ಳುವ ಮೊದಲು ನಿಯಮ ತಿದ್ದಿ. ಗಾಯಾಳುವಿನ ಹೊಟ್ಟೆಯಲ್ಲಿ ಅಥವಾ ಹೃದಯದ ಸುತ್ತ ರಕ್ತ ಕಂಡರೆ, ದಾರಿಯುದ್ದಕ್ಕೂ ಉಸಿರಾಡುತ್ತಾ ತಡೆದುಕೊಳ್ಳುವಷ್ಟು ಶಕ್ತಿ ಅವರಿಗೆ ಇದ್ದರೆ, ಹತ್ತಿರದ ಆಸ್ಪತ್ರೆಯನ್ನು ದಾಟಿ ಆಪರೇಷನ್ ಆಗುವ ಆಸ್ಪತ್ರೆಗೆ ಹೋಗಬಹುದು ಎಂದು ಬರೆಯಿರಿ. ಎಷ್ಟು ನಿಮಿಷದ ದಾರಿಯ ತನಕ ದಾಟಬಹುದು ಎಂಬುದನ್ನು ನಿಮ್ಮ ಸರ್ಜನ್‌ಗಳ ಜೊತೆ ಕೂತು ತೀರ್ಮಾನಿಸಿ. ಉಸಿರಾಟವೇ ಕೈಕೊಡುತ್ತಿದ್ದರೆ ಹತ್ತಿರದ ಬಾಗಿಲಿಗೇ ಹೋಗುತ್ತೇವೆ, ಅದರಲ್ಲಿ ವಾದವಿಲ್ಲ.

ಅದರ ಜೊತೆಗೇ ಇನ್ನೊಂದು ಸಾಲು ಸೇರಿಸಿ, ಇದು ಮೊದಲಿನದಕ್ಕಿಂತ ಮುಖ್ಯ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಚಿಕ್ಕ ಆಸ್ಪತ್ರೆಗೆ ಇಳಿಸಬಾರದು. ಕಪ್ಪು ಪಟ್ಟಿ ಕಾಣಬೇಕಾದರೆ ಹೊಟ್ಟೆಯಲ್ಲಿ ನೂರಾರು ಮಿಲಿಲೀಟರ್ ರಕ್ತ ಸೇರಿರಬೇಕು. ಅಪಘಾತವಾಗಿ ಹತ್ತು ನಿಮಿಷಕ್ಕೆ ನೋಡಿದರೆ ಅಷ್ಟು ಸೇರಿರದೆಯೂ ಇರಬಹುದು. ಕಿಡ್ನಿಯ ಹಿಂದೆ, ಬೆನ್ನಿನ ಕಡೆ ಸೋರಿದ ರಕ್ತ ಫಾಸ್ಟ್ ಸ್ಕ್ಯಾನಿಗೆ ಸಿಗುವುದಿಲ್ಲ. ಕರುಳು ಹರಿದದ್ದೂ ಸುಲಭವಾಗಿ ಸಿಗುವುದಿಲ್ಲ. ಕಂಡ ರಕ್ತವನ್ನು ನಂಬಬಹುದು. ಕಾಣಲಿಲ್ಲ ಎಂಬುದನ್ನು ನಂಬಿ ಸುಮ್ಮನೆ ಕೂರಬಾರದು. ಮೊದಲೇ ಲಿವರ್ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಆ ನೀರೂ ಕಪ್ಪಗೇ ಕಾಣುತ್ತದೆ ಎಂಬುದನ್ನೂ ನೆನಪಿಡಬೇಕು.

ಸಮಯದ ಬಗ್ಗೆ ನಾನು ಕಟ್ಟುನಿಟ್ಟು. ಸ್ಕ್ಯಾನಿಗಾಗಿ ಗಾಡಿ ರಸ್ತೆ ಬದಿಯಲ್ಲಿ ನಿಲ್ಲಬಾರದು. ರೋಗಿಯನ್ನು ಒಳಗೆ ಹಾಕುವ ತಯಾರಿ ನಡೆದಾಗ ಒಬ್ಬರ ಕೈ ಖಾಲಿ ಇದ್ದರೆ ಮಾಡಬಹುದು, ಇಲ್ಲವಾದರೆ ಗಾಡಿ ಓಡುತ್ತಿರುವಾಗ ಮಾಡಬಹುದು. ಸುರಿಯುವ ರಕ್ತ ನಿಲ್ಲಿಸುವುದು, ಉಸಿರಿನ ದಾರಿ ತೆರೆಯುವುದು, ಆಮ್ಲಜನಕ ಕೊಡುವುದು, ಇವೆಲ್ಲ ಮುಗಿದ ಮೇಲೆಯೇ ಪ್ರೋಬ್ ಕೈಗೆ ಬರಬೇಕು. ಹೊಸ ಯಂತ್ರ ಬಂದಾಗ ಅದರ ಮೋಹ ಎಲ್ಲರಿಗೂ ಇರುತ್ತದೆ, ನಾನೂ ಅದನ್ನು ಅನುಭವಿಸಿದ್ದೇನೆ. ಹಾಗಾಗಿ ಪ್ರತಿ ಸ್ಕ್ಯಾನಿನ ಸಮಯ ತಾನಾಗಿಯೇ ದಾಖಲಾಗಲಿ. ಸ್ಥಳದಲ್ಲಿ ನಿಂತ ನಿಮಿಷಗಳು ಹೆಚ್ಚಾದರೆ ಯಂತ್ರವನ್ನು ವಾಪಸ್ ತೆಗೆದುಕೊಳ್ಳಿ.

ಭ್ರೂಣದ ಲಿಂಗ ಪತ್ತೆಯ ದುರುಪಯೋಗ ತಡೆಯಲು ಕೆಲವು ದೇಶಗಳಲ್ಲಿ ಓಡಾಡುವ ಅಲ್ಟ್ರಾಸೌಂಡ್ ಯಂತ್ರಗಳ ಮೇಲೆ ಬಿಗಿಯಾದ ಕಾನೂನು ಇದೆ. ಆ ಕಾನೂನು ಬಂದದ್ದಕ್ಕೆ ಕಾರಣ ಇದೆ, ಅದನ್ನು ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಯಾರು, ಯಾವಾಗ, ಯಾವ ಗಾಡಿಯಲ್ಲಿ, ಯಾವ ರೋಗಿಗೆ ಮಾಡಿದರು ಎಂಬ ದಾಖಲೆ ಇರಲಿ, ಎಲ್ಲ ಚಿತ್ರಗಳೂ ಉಳಿಯಲಿ, ಯಂತ್ರ ಗಾಡಿಯ ಲೆಕ್ಕದಲ್ಲೇ ಇರಲಿ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಇದರಿಂದ ತೊಂದರೆ ಇಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಆಂಬುಲೆನ್ಸಿನ ಅಲ್ಟ್ರಾಸೌಂಡ್ ಬಗ್ಗೆ ಬಂದಿರುವ ಬಹುಪಾಲು ಅಧ್ಯಯನಗಳು ಚಿಕ್ಕವು. ಪ್ಯಾರಾಮೆಡಿಕ್ ಸರಿಯಾಗಿ ನೋಡಬಲ್ಲರೇ, ಚಿಕಿತ್ಸೆ ಬದಲಾಯಿತೇ ಎಂದು ಅವು ಕೇಳುತ್ತವೆ. ಹೆಚ್ಚು ಜನ ಬದುಕಿದರೇ ಎಂಬುದನ್ನು ನೇರವಾಗಿ ಅಳೆದವು ಕಡಿಮೆ. ಇದೇ ಕಾರಣಕ್ಕೆ ನಿಮ್ಮಲ್ಲಿ ಕೆಲವರು ಇನ್ನೂ ಕಾಯೋಣ ಎನ್ನುತ್ತೀರಿ. ನನ್ನ ಅಭಿಪ್ರಾಯ ಬೇರೆ. ಗಾಡಿ ತಿರುಗಿಸುವ ಅಧಿಕಾರವಿಲ್ಲದೆ, ಆಸ್ಪತ್ರೆ ಆ ಕಡೆಯಿಂದ ತಯಾರಾಗದೆ ಬರೀ ಪ್ರೋಬ್ ಕೊಟ್ಟು ಅಳೆದರೆ ಬದುಕಿದವರ ಸಂಖ್ಯೆ ಯಾಕೆ ಬದಲಾಗಬೇಕು? ಕೆಲವೇ ಗಾಡಿಗಳಲ್ಲಿ ಶುರು ಮಾಡಿ. ನಿಯಮ, ತರಬೇತಿ, ಆಸ್ಪತ್ರೆಯ ತಯಾರಿ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ರೋಗಿ ಆಪರೇಷನ್ ಟೇಬಲ್ ತಲುಪಲು ಎಷ್ಟು ನಿಮಿಷ ಹಿಡಿಯಿತು, ಎಷ್ಟು ಜನರನ್ನು ಎರಡನೆಯ ಆಸ್ಪತ್ರೆಗೆ ಸಾಗಿಸಬೇಕಾಯಿತು ಎಂದು ಎಣಿಸಿ. ಫಲ ಸಿಗದಿದ್ದರೆ ನಿಲ್ಲಿಸಿ, ನಾನು ದೂರುವುದಿಲ್ಲ.

ಆಸ್ಪತ್ರೆಗಳ ವೈದ್ಯರಿಗೂ ಒಂದು ಮಾತು. ನಾವು ಫೋನಿನಲ್ಲಿ ‘ಲಿವರ್ ಪಕ್ಕದಲ್ಲಿ ರಕ್ತ ಕಂಡಿದೆ’ ಎಂದಾಗ, ‘ಕರೆದುಕೊಂಡು ಬನ್ನಿ, ನೋಡೋಣ’ ಎಂಬ ಉತ್ತರ ಬರುತ್ತದೆ. ನಮ್ಮ ಸ್ಕ್ಯಾನನ್ನು ನೀವು ಕಣ್ಣು ಮುಚ್ಚಿ ನಂಬಬೇಕಿಲ್ಲ. ಬಂದ ಕೂಡಲೇ ನೀವೇ ಮತ್ತೆ ಮಾಡಿ. ಆದರೆ ಆ ಮಾತು ಕೇಳಿದ ಕ್ಷಣದಲ್ಲೇ ಸರ್ಜನ್‌ಗೆ ಹೇಳಿಕಳಿಸಿ, ರಕ್ತ ತರಿಸಿ, ಆಪರೇಷನ್ ಥಿಯೇಟರ್ ಖಾಲಿ ಇದೆಯೇ ನೋಡಿ. ನಮ್ಮ ಮಾತು ಹುಸಿಯಾದರೆ ಸ್ವಲ್ಪ ಶ್ರಮ ಹೋಗುತ್ತದೆ. ನಿಜವಾದರೆ ರೋಗಿ ಬಾಗಿಲಿಗೆ ಬಂದ ಮೇಲೆ ಫೋನ್ ಮಾಡಲು ಶುರು ಮಾಡುವುದು ತಪ್ಪುತ್ತದೆ.

ಸದ್ಯಕ್ಕೆ ನಿಮ್ಮಿಂದ ಒಂದು ಕೆಲಸ ಆಗಲಿ. ಇದಕ್ಕೆ ಯಂತ್ರವೂ ಬೇಡ, ಟೆಂಡರೂ ಬೇಡ. ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯಲ್ಲೂ ಗಾಯಾಳು ಬರುತ್ತಿದ್ದಾರೆ ಎಂಬ ಕರೆಯನ್ನು ಹಗಲೂ ರಾತ್ರಿಯೂ ಯಾರು ತೆಗೆದುಕೊಳ್ಳಬೇಕು, ತೆಗೆದುಕೊಂಡವರು ಯಾರನ್ನು ಕರೆಯಬೇಕು ಎಂದು ಬರೆದು ಗೊತ್ತುಮಾಡಿ. ಇಂದು ನಾನು ಕರೆ ಮಾಡಿದರೆ ಅದು ಸ್ವಾಗತದ ಮೇಜಿಗೆ ಹೋಗುತ್ತದೆ, ಅಲ್ಲಿಂದ ವಾರ್ಡಿಗೆ, ವಾರ್ಡಿನಿಂದ ಮತ್ತೆ ಮೇಜಿಗೆ. ಸರ್ಜನ್ ತನಕ ನೇರವಾಗಿ ಹೋಗುವ ಒಂದು ನಂಬರ್ ಗೊತ್ತುಮಾಡಿ ಎಲ್ಲ ಗಾಡಿಗಳಿಗೂ ಕೊಡಿ. ನಾವು ಅದನ್ನು ಸ್ಟ್ರೆಚರಿನ ಮೇಲಿನ ಗೋಡೆಗೆ ಅಂಟಿಸಿಕೊಳ್ಳುತ್ತೇವೆ.

ಇಂತಿ,
ಒಬ್ಬ ಪ್ಯಾರಾಮೆಡಿಕ್